ನಿಕ್ಸಿಯನ್ನು ಹೊಗಳುವವರ ಮೇಲೆ ಒಂದು ತಕರಾರು

ನಿಕ್ಸಿ ಟ್ಯೂಬುಗಳ ಬಗ್ಗೆ ಯಾರೇ ಬರೆಯಲಿ, ಎರಡನೆಯ ವಾಕ್ಯ ಮುಗಿಯುವುದರೊಳಗೆ ‘ಬೆಚ್ಚಗಿನ ಬೆಳಕು’ ಬಂದುಬಿಡುತ್ತದೆ. ಮೂರನೆಯದರಲ್ಲಿ ಅಜ್ಜನ ಕಾಲದ ರೇಡಿಯೋ, ನಾಲ್ಕನೆಯದರಲ್ಲಿ ‘ಈಗಿನ ಎಲ್‌ಇಡಿಗಳಿಗೆ ಜೀವವೇ ಇಲ್ಲ’ ಎಂಬ ನಿಟ್ಟುಸಿರು, ಐದನೆಯದರಲ್ಲಿ ತಾವು ಕೊಂಡ ಗಡಿಯಾರದ ಫೋಟೋ. ಈ ಹೊಗಳಿಕೆಯ ಮೇಲೆ ನನಗೆ ಎರಡು ತಕರಾರುಗಳಿವೆ. ಸಣ್ಣದು ಮೊದಲು: ಆ ಬೆಳಕು ಬೆಚ್ಚಗಿಲ್ಲ. ಅಜ್ಜನ ರೇಡಿಯೋದ ವಾಲ್ವಿನೊಳಗೆ ಕಾದು ಕೆಂಪಾಗುವ ತಂತಿ ಇತ್ತು. ನಿಕ್ಸಿಯೊಳಗೆ ಅಂಥದ್ದೇನೂ ಇಲ್ಲ. ಅದು ‘ಕೋಲ್ಡ್ ಕ್ಯಾಥೋಡ್’ ಜಾತಿಯದು, ಅಂದರೆ ತಣ್ಣನೆಯ ಕ್ಯಾಥೋಡಿನ ಕೊಳವೆ. ಹೊಳೆಯುವುದು ಲೋಹವಲ್ಲ, ಲೋಹವನ್ನು ಅಪ್ಪಿಕೊಂಡಿರುವ ಅನಿಲ. ಇನ್ನು ದೊಡ್ಡ ತಕರಾರು: ಈ ಟ್ಯೂಬುಗಳನ್ನು ಇವತ್ತು ಹಾಳುಮಾಡುತ್ತಿರುವವರು ಅವನ್ನು ಮರೆತವರಲ್ಲ, ಹೊಗಳುತ್ತಿರುವವರು.

ನೋಡಿರದವರಿಗಾಗಿ ಎರಡು ಮಾತು. ಹೆಬ್ಬೆರಳಿನ ಗಾತ್ರದ ಗಾಜಿನ ಕೊಳವೆಯೊಂದನ್ನು ಊಹಿಸಿಕೊಳ್ಳಿ. ಒಳಗೆ ತೆಳುವಾದ ಲೋಹದಲ್ಲಿ ಮಾಡಿದ 0ಯಿಂದ 9ರವರೆಗಿನ ಅಂಕಿಗಳು ಒಂದರ ಹಿಂದೊಂದು ನಿಂತಿವೆ, ಅದೂ ಎಣಿಕೆಯ ಕ್ರಮದಲ್ಲಲ್ಲ, ಒಂದು ಇನ್ನೊಂದನ್ನು ಆದಷ್ಟು ಕಡಿಮೆ ಮರೆಮಾಡುವ ಕ್ರಮದಲ್ಲಿ. ಮುಂದೆ ಜಾಲರಿಯಂಥ ಆನೋಡ್. ಸುತ್ತ ಕಡಿಮೆ ಒತ್ತಡದ ನಿಯಾನ್, ಜೊತೆಗೆ ಸ್ವಲ್ಪ ಆರ್ಗಾನ್, ಕೆಲವದರಲ್ಲಿ ಚೂರು ಪಾದರಸ. ಒಂದೊಂದು ಅಂಕಿಯೂ ಒಂದೊಂದು ಕ್ಯಾಥೋಡ್. ಯಾವುದಕ್ಕೆ ದಾರಿ ಕೊಡುತ್ತೀರೋ ಅದರ ಮೈಸುತ್ತ ಕಿತ್ತಳೆ ಬಣ್ಣ ಹರಡುತ್ತದೆ. ಹೈಡು ಬ್ರದರ್ಸ್ ಎಂಬ ಸಣ್ಣ ಟ್ಯೂಬ್ ತಯಾರಕರು ರೂಪಿಸಿದ ಇದನ್ನು, ಆ ಕಂಪನಿಯನ್ನೇ ಕೊಂಡುಕೊಂಡ ಅಮೆರಿಕದ ಬರೋಸ್ ಕಾರ್ಪೊರೇಷನ್ 1955ರಲ್ಲಿ ಮಾರುಕಟ್ಟೆಗೆ ತಂದಿತು. ವೋಲ್ಟ್‌ಮೀಟರುಗಳು, ಫ್ರೀಕ್ವೆನ್ಸಿ ಕೌಂಟರುಗಳು, 1961ರಲ್ಲಿ ಬ್ರಿಟನ್ನಿನಲ್ಲಿ ಬಂದ ಅನಿಟಾ ಎಂಬ ಮೇಜಿನ ಕ್ಯಾಲ್ಕ್ಯುಲೇಟರ್, ಎಲ್ಲವೂ ಇಂಥ ಟ್ಯೂಬುಗಳಲ್ಲೇ ಮಾತಾಡಿದವು. 1970ರ ದಶಕದಲ್ಲಿ ಎಲ್‌ಇಡಿ ಬಂದು ಇವನ್ನು ಪಕ್ಕಕ್ಕೆ ಸರಿಸಿತು. ಸೋವಿಯತ್ ಕಾರ್ಖಾನೆಗಳು ಮಾತ್ರ ಇನ್ನೂ ಕೆಲವು ವರ್ಷ ಮಾಡುತ್ತಲೇ ಇದ್ದವು. ಇವತ್ತು ಹವ್ಯಾಸಿಗಳ ಕೈಗೆ ಸಿಗುವ ಐಎನ್-12, ಐಎನ್-14, ಐಎನ್-18 ಅಲ್ಲಿನವೇ. ಐಎನ್-12 ಮತ್ತು ಐಎನ್-14ರಲ್ಲಿ 5 ಎಂಬ ಅಂಕಿಯೇ ಬೇರೆ ಇಲ್ಲ; 2ನ್ನು ತಲೆಕೆಳಗಾಗಿ ನಿಲ್ಲಿಸಿದ್ದಾರೆ. ಇನ್ನೊಂದು ಅಚ್ಚಿನ ಖರ್ಚು ಉಳಿಸಲು ಎಂಬ ಮಾತಿದೆ. ಅಕ್ಷರವಿನ್ಯಾಸದ ಹುಚ್ಚಿರುವವರು ಒಮ್ಮೆ ನೋಡಬೇಕು. ಒಮ್ಮೆ ಗೊತ್ತಾದ ಮೇಲೆ ಆ 5 ಮತ್ತೆಂದೂ 5 ಆಗಿ ಕಾಣುವುದಿಲ್ಲ.

ಆ ಕಾರ್ಖಾನೆಗಳಲ್ಲಿ ಈಗ ಇವು ತಯಾರಾಗುತ್ತಿಲ್ಲ. ಝೆಕ್ ದೇಶದಲ್ಲಿ ಡಾಲಿಬೋರ್ ಫಾರ್ನಿ ಎಂಬಾತ ಗಾಜು ಊದುವುದರಿಂದ ಹಿಡಿದು ಎಲ್ಲವನ್ನೂ ಮತ್ತೆ ಕಲಿತು ಹೊಸ ದೊಡ್ಡ ಟ್ಯೂಬುಗಳನ್ನು ಮಾಡುತ್ತಿದ್ದಾರೆ. ಕೈಯಿಂದ, ಒಂದೊಂದಾಗಿ, ಅದಕ್ಕೆ ತಕ್ಕ ಬೆಲೆಗೆ. ಅದು ಬೇರೆಯೇ ಸಾಹಸ. ಹವ್ಯಾಸಿಗಳ ಡಬ್ಬಿಯಲ್ಲಿರುವ ಹಳೆಯ ಸರಕಂತೂ ಇದ್ದಷ್ಟೇ. ಒಂದು ಹಾಳಾದರೆ ಒಂದು ಕಡಿಮೆ.

ಹಾಳಾಗುವುದು ಹೇಗೆ ಎಂಬುದನ್ನು ಹೇಳಲು ನನ್ನ ಪಿಎಚ್.ಡಿ. ಕೆಲಸದ ಪ್ರಸ್ತಾಪ ಬೇಕಾಗುತ್ತದೆ. ತೆಳುಪದರಗಳ ಪ್ರಯೋಗಾಲಯದಲ್ಲಿ ನಾನು ದಿನವೂ ಮಾಡುವ ಕೆಲಸದ ಹೆಸರು ಸ್ಪಟರಿಂಗ್. ಗಾಳಿ ತೆಗೆದ ಉಕ್ಕಿನ ಪೆಟ್ಟಿಗೆಯೊಳಗೆ ಸ್ವಲ್ಪ ಆರ್ಗಾನ್ ಬಿಟ್ಟು, ಕೆಲವು ನೂರು ವೋಲ್ಟ್ ಕೊಟ್ಟು, ಅನಿಲವನ್ನು ಹೊಳೆಯಿಸುತ್ತೇನೆ. ಆ ಹೊಳಪಿನೊಳಗಿನ ಅಯಾನುಗಳು ಕ್ಯಾಥೋಡಿಗೆ ಹೋಗಿ ಬಡಿಯುತ್ತವೆ. ಲೋಹದ ಪರಮಾಣುಗಳು ಕಿತ್ತು ಹಾರುತ್ತವೆ. ಎದುರಿಗಿಟ್ಟ ಗಾಜಿನ ಮೇಲೆ ಪದರವಾಗಿ ಕೂರುತ್ತವೆ. ನನಗೆ ಬೇಕಾದದ್ದು ಅದೇ. ನಿಮ್ಮ ಮೇಜಿನ ಮೇಲಿನ ನಿಕ್ಸಿ ಗಡಿಯಾರವೂ ಮಾಡುತ್ತಿರುವುದು ಇದನ್ನೇ, ನಿಧಾನವಾಗಿ, ನಿಮಗೆ ಬೇಡದಿದ್ದರೂ. ಹೊಳೆಯುವ ಅಂಕಿ ತನ್ನ ಮೈಯನ್ನೇ ಕಣಕಣವಾಗಿ ಪಕ್ಕದ ಅಂಕಿಗಳ ಮೇಲೂ ಗಾಜಿನ ಮೇಲೂ ಎರಚುತ್ತಿರುತ್ತದೆ. ಆ ‘ಬೆಚ್ಚಗಿನ ಬೆಳಕು’ ಮತ್ತು ಈ ಸವೆತ ಒಂದೇ ಕ್ರಿಯೆಯ ಎರಡು ಮುಖಗಳು. ಎಷ್ಟು ಎರಚಬೇಕು ಎಂಬುದನ್ನು ತೀರ್ಮಾನಿಸುವುದು ಟ್ಯೂಬಲ್ಲ, ಅದರ ಹಿಂದಿನ ಸರ್ಕ್ಯೂಟು. ಇದನ್ನು ಹವ್ಯಾಸಿಗಳು ‘ಡ್ರೈವ್ ಮಾಡುವುದು’ ಎನ್ನುತ್ತಾರೆ. ‘ಓಡಿಸುವುದು’ ಎಂದು ಕನ್ನಡಿಸಿದರೆ ಬಸ್ಸು ನೆನಪಾಗುತ್ತದೆ, ಹಾಗಾಗಿ ಡ್ರೈವ್ ಎಂದೇ ಇರಲಿ.

ಇಲ್ಲಿ ಒಂದು ಸೊಗಸಾದ ಸಂಗತಿಯಿದೆ, ಹೊಗಳುವವರು ಎಂದೂ ಹೇಳದ್ದು. ಕರೆಂಟು ತೀರಾ ಕಡಿಮೆಯಿದ್ದರೆ ಅಂಕಿ ಮಂಕಾಗುವುದಿಲ್ಲ, ಅರೆಬರೆಯಾಗುತ್ತದೆ. 8ರ ಮೇಲಿನ ಸುತ್ತು ಬೆಳಗಿ ಕೆಳಗಿನದು ಕತ್ತಲಲ್ಲೇ ಉಳಿಯಬಹುದು. ಕರೆಂಟು ಏರಿಸುತ್ತ ಹೋದಂತೆ ಹೊಳಪು ತಂತಿಯ ಮೇಲೆ ಹರಿದಾಡಿ, ನೆಲ ಒರೆಸುವಾಗ ನೀರು ಹರಡುವಂತೆ ಹರಡಿ, ಅಂಕಿಯನ್ನು ಪೂರ್ತಿ ಆವರಿಸುತ್ತದೆ. ಅಲ್ಲಿಯವರೆಗೂ ಟ್ಯೂಬಿನ ಮೇಲಿನ ವೋಲ್ಟೇಜು ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ. ಪೂರ್ತಿ ಆವರಿಸಿದ ಮೇಲೂ ಕರೆಂಟು ಏರಿಸಿದರೆ ಹರಡಲು ಜಾಗವಿಲ್ಲ. ಆಗ ವೋಲ್ಟೇಜು ಏರುತ್ತದೆ, ಅಯಾನುಗಳು ಇನ್ನಷ್ಟು ಜೋರಾಗಿ ಬಡಿಯುತ್ತವೆ, ಎರಚಾಟ ಹೆಚ್ಚುತ್ತದೆ. ಆದ್ದರಿಂದ ಸರಿಯಾದ ಕರೆಂಟೆಂದರೆ ಅಂಕಿ ತುದಿಯಿಂದ ತುದಿಗೆ ಹೊತ್ತಿಕೊಳ್ಳುವಷ್ಟು, ಅದಕ್ಕಿಂತ ಹೆಚ್ಚೇನಿಲ್ಲ. ಐಎನ್-14ಕ್ಕೆ ಅದು ಸುಮಾರು 2.5 ಮಿಲಿಆಂಪ್.

ಇದನ್ನು ಸಾಧಿಸಲು ಬೇಕಾದದ್ದು ಒಂದು ರೆಸಿಸ್ಟರ್ ಮತ್ತು ಐದನೆಯ ತರಗತಿಯ ಭಾಗಾಕಾರ. ಟ್ಯೂಬು ಹೊತ್ತಿಕೊಳ್ಳಲು ಸುಮಾರು 170 ವೋಲ್ಟ್ ಬೇಕು. ಹೊತ್ತಿದ ಮೇಲೆ 140ರ ಆಸುಪಾಸಿನಲ್ಲಿ ಉರಿಯುತ್ತದೆ. ಉಳಿದ 30 ವೋಲ್ಟನ್ನು ಆನೋಡಿನ ರೆಸಿಸ್ಟರ್ ಹೊರಬೇಕು. 30ನ್ನು 2.5 ಮಿಲಿಆಂಪಿನಿಂದ ಭಾಗಿಸಿದರೆ 12 ಕಿಲೋಓಮ್. ಮುಗಿಯಿತು. ಆದರೆ ಟ್ಯೂಬು ಟ್ಯೂಬಿಗೂ ವ್ಯತ್ಯಾಸವಿರುತ್ತದೆ. ಒಂದು ಟ್ಯೂಬು 140ರ ಬದಲು 145ರಲ್ಲಿ ಉರಿಯುವುದಾದರೆ ಅದೇ 12 ಕಿಲೋಓಮಿನಲ್ಲಿ ಕರೆಂಟು 2.1 ಮಿಲಿಆಂಪಿಗೆ ಇಳಿಯುತ್ತದೆ. ಬದಲಿಗೆ ಸಪ್ಲೈಯನ್ನು 200 ವೋಲ್ಟಿಗೆ ಏರಿಸಿ 24 ಕಿಲೋಓಮ್ ಹಾಕಿದರೆ ಅದೇ ಟ್ಯೂಬಿನಲ್ಲಿ 2.3 ಮಿಲಿಆಂಪ್ ಹರಿಯುತ್ತದೆ, ಆರೂ ಟ್ಯೂಬುಗಳು ಹೆಚ್ಚುಕಡಿಮೆ ಒಂದೇ ಸಮನಾಗಿ ಕಾಣುತ್ತವೆ, ವಯಸ್ಸಾಗಿ ಹೊತ್ತಿಕೊಳ್ಳಲು ಹಟ ಮಾಡುವ ಟ್ಯೂಬೂ ಹೊತ್ತಿಕೊಳ್ಳುತ್ತದೆ. ಸ್ವಲ್ಪ ಹೆಚ್ಚು ಶಾಖ ವ್ಯರ್ಥವಾಗುತ್ತದೆ, ಅಷ್ಟೇ. ಇಷ್ಟು ಯೋಚನೆಗೆ ತಗಲುವುದು ಒಂದು ಸಂಜೆ.

ಹಳೆಯ 74141 ಚಿಪ್ಪಿನ ಬಗ್ಗೆಯೂ ಹೇಳಲೇಬೇಕು. ಅದರ ಸೋವಿಯತ್ ಸೋದರ ಕೆ155ಐಡಿ1. ನಾಲ್ಕು ತಂತಿಯಲ್ಲಿ ಬಂದ ಸಂಖ್ಯೆಯನ್ನು ಹತ್ತು ಅಂಕಿಗಳಲ್ಲಿ ಒಂದಕ್ಕೆ ದಾರಿ ಮಾಡಿಕೊಡುವುದು ಅದರ ಕೆಲಸ. ವಿಚಿತ್ರವೆಂದರೆ ಅದು ತಡೆಯಬಲ್ಲದ್ದು ಸುಮಾರು 60 ವೋಲ್ಟ್ ಮಾತ್ರ, ಕೂರುವುದು 180 ವೋಲ್ಟಿನ ಸರ್ಕ್ಯೂಟಿನಲ್ಲಿ. ಸುಟ್ಟುಹೋಗುವುದಿಲ್ಲವೇ? ಇಲ್ಲ. ಒಂದು ಅಂಕಿ ಹೊತ್ತಿರುವಾಗ ಆನೋಡು 140ರ ಹತ್ತಿರ ಇಳಿದಿರುತ್ತದೆ. ಮಿಕ್ಕ ಅಂಕಿಗಳು 60ರಲ್ಲಿ ನಿಂತರೆ ನಡುವಿನ 80 ವೋಲ್ಟ್ ಅವನ್ನು ಹೊತ್ತಿಸಲು ಸಾಲದು. ಅನಿಲದ ಸ್ವಭಾವವನ್ನೇ ನಂಬಿ, ಚಿಪ್ಪಿನ ಭಾರ ಕಡಿಮೆ ಮಾಡಿಕೊಂಡ ವಿನ್ಯಾಸ ಇದು. ಇಂಥದ್ದನ್ನು ಓದಿದಾಗ ನನಗೆ ಆಗುವ ಖುಷಿ, ಒಳ್ಳೆಯ ಪದ್ಯದ ಪ್ರಾಸ ತಾನಾಗಿ ಬಿದ್ದದ್ದಲ್ಲ, ಕವಿ ಬೀಳಿಸಿದ್ದು ಎಂದು ತಿಳಿದಾಗ ಆಗುವಂಥದ್ದು. ‘ಹಳೆಯ ಕಾಲದ ಸೊಬಗು’ ಎಂದು ಉಸುರುವವರಿಗೆ ಈ ಖುಷಿಯ ಗಂಧವೂ ತಾಗಿಲ್ಲ. ಪಂಪನನ್ನು ಓದದೆ ಪಂಪನ ಮೇಲೆ ಭಾಷಣ ಬಿಗಿಯುವವರು ನಮಗೆ ಹೊಸಬರೇನಲ್ಲ. ಆದರೆ ಅವರ ಭಾಷಣದಿಂದ ಪಂಪನ ಪ್ರತಿಗಳು ಸವೆಯುವುದಿಲ್ಲ. ಇಲ್ಲಿ ಸವೆಯುತ್ತವೆ.

ಈಗ ಗಡಿಯಾರಕ್ಕೆ ಬರೋಣ. ಆ್ಯಪಲ್ ಕಟ್ಟಿದವರಲ್ಲೊಬ್ಬರಾದ ಸ್ಟೀವ್ ವೋಜ್ನಿಯಾಕ್ ಕೈಗೆ ನಿಕ್ಸಿ ವಾಚು ಕಟ್ಟಿದರು. ಸ್ಟೈನ್ಸ್ ಗೇಟ್ ಎಂಬ ಜಪಾನಿ ಕಥೆಯಲ್ಲಿ ಬೇರೆ ಬೇರೆ ಕಾಲರೇಖೆಗಳನ್ನು ಅಳೆಯುವ ಯಂತ್ರಕ್ಕೆ ಈ ಟ್ಯೂಬುಗಳನ್ನೇ ಹಾಕಿದರು. ಅಲ್ಲಿಂದ ಮುಂದೆ ನಿಕ್ಸಿ ಎಂದರೆ ಕಾಲ, ಕಾಲ ಎಂದರೆ ಗಡಿಯಾರ. ಯೋಚಿಸಿ ನೋಡಿದರೆ ಈ ಟ್ಯೂಬಿಗೆ ಗಡಿಯಾರಕ್ಕಿಂತ ಕೆಟ್ಟ ಉದ್ಯೋಗ ಇನ್ನೊಂದಿಲ್ಲ. ಫ್ರೀಕ್ವೆನ್ಸಿ ಕೌಂಟರಿನಲ್ಲಿ ಅಂಕಿಗಳು ಸದಾ ಬದಲಾಗುತ್ತಿರುತ್ತವೆ, ಹತ್ತಕ್ಕೂ ಪಾಳಿ ಸಿಗುತ್ತದೆ, ಕೆಲಸ ಮುಗಿದ ಮೇಲೆ ಯಂತ್ರ ಆರಿಸಿ ಮನೆಗೆ ಹೋಗುತ್ತೇವೆ. 24 ಗಂಟೆಯ ಗಡಿಯಾರದಲ್ಲಿ ಗಂಟೆಯ ಹತ್ತರ ಸ್ಥಾನದ ಟ್ಯೂಬನ್ನು ನೋಡಿ: ದಿನದಲ್ಲಿ 10 ಗಂಟೆ ಕಾಲ 0, ಇನ್ನು 10 ಗಂಟೆ 1, ಉಳಿದ 4 ಗಂಟೆ 2. 3ರಿಂದ 9ರವರೆಗಿನ ಏಳು ಅಂಕಿಗಳು ಒಮ್ಮೆಯೂ ಹೊತ್ತಿಕೊಳ್ಳುವುದಿಲ್ಲ. ಹೊತ್ತಿಕೊಂಡವು ಎರಚಿದ ಲೋಹವನ್ನೆಲ್ಲ ಅವು ಮೈಮೇಲೆ ಹಾಕಿಕೊಂಡು ಕೂರುತ್ತವೆ. ಕೆಲವು ತಿಂಗಳೋ ವರ್ಷಗಳೋ ಕಳೆದ ಮೇಲೆ ಆ ಟ್ಯೂಬಿನ 7ನ್ನು ಹೊತ್ತಿಸಲು ಹೋದರೆ ನಡುನಡುವೆ ಕಪ್ಪು ತೇಪೆಗಳು. ಇದಕ್ಕೆ ‘ಕ್ಯಾಥೋಡ್ ಪಾಯ್ಸನಿಂಗ್’ ಎಂದು ಹೆಸರು, ಕ್ಯಾಥೋಡಿಗೆ ವಿಷವೇರುವುದು. ನಿಮಿಷದ ಹತ್ತರ ಸ್ಥಾನದಲ್ಲೂ ಇದೇ ಕಥೆ, ಅಲ್ಲಿ 6ರಿಂದ 9ಕ್ಕೆ ಗ್ರಹಚಾರ.

ಮೊದಲ ಕಾಲದ ಟ್ಯೂಬುಗಳ ಆಯಸ್ಸು ಸುಮಾರು 5,000 ಗಂಟೆ, ಕೊನೆಕೊನೆಗೆ ಬಂದ ಕೆಲವು ಬಗೆಗಳದು 2,00,000 ಗಂಟೆಯವರೆಗೆ ಎನ್ನುತ್ತಾರೆ. ವರ್ಷಕ್ಕೆ 8,760 ಗಂಟೆ. ಅಂದರೆ ಮೊದಲ ಪೀಳಿಗೆಯ ಟ್ಯೂಬನ್ನು ಆರಿಸದೆ ಉರಿಸಿದರೆ ಏಳು ತಿಂಗಳಲ್ಲಿ ಲೆಕ್ಕ ಚುಕ್ತಾ. ಮಾಲೀಕರು ಮಲಗಿದ್ದಾಗ, ಆಫೀಸಿಗೆ ಹೋದಾಗ, ಊರಿಗೆ ಹೋದಾಗ, ಯಾರೂ ನೋಡದ ಕೋಣೆಯಲ್ಲಿ ಅದು ಸಮಯ ತೋರಿಸುತ್ತಲೇ ಇರುತ್ತದೆ. ಜನರ ಚಲನವಲನ ಗ್ರಹಿಸುವ ಒಂದು ಸಣ್ಣ ಸೆನ್ಸರ್ ಹಾಕಿ ದಿನಕ್ಕೆ 4 ಗಂಟೆ ಮಾತ್ರ ಉರಿಯುವಂತೆ ಮಾಡಿದರೆ ಆಯಸ್ಸು ಆರು ಪಟ್ಟು. ಟ್ಯೂಬಿನ ಬೆಲೆಯ ಮುಂದೆ ಆ ಸೆನ್ಸರಿನ ಬೆಲೆ ಚಿಲ್ಲರೆ ಕಾಸು. ಆದರೂ ನಾನು ಕಂಡ ಅಗ್ಗದ ಕಿಟ್‌ಗಳಲ್ಲಿ ಅದು ಇರಲಿಲ್ಲ. ಬಣ್ಣ ಬದಲಿಸುವ ನೀಲಿ ಎಲ್‌ಇಡಿ ಮಾತ್ರ ಟ್ಯೂಬಿನ ಬುಡದಲ್ಲಿ ತಪ್ಪದೆ ಇತ್ತು. ನಿಯಾನಿನ ಕಿತ್ತಳೆ ಬಣ್ಣಕ್ಕೆಂದೇ ದುಡ್ಡು ಸುರಿದವರಿಗೆ ಅದನ್ನು ನೀಲಿಯಲ್ಲಿ ಮುಳುಗಿಸಿ ಕೊಡುವ ರಸಿಕತೆ ನನಗಂತೂ ಅರ್ಥವಾಗಿಲ್ಲ.

ಕಿಟ್ ಮಾರುವವರ ಇನ್ನೊಂದು ಜಾಣತನ ಮಲ್ಟಿಪ್ಲೆಕ್ಸಿಂಗ್. ಆರು ಟ್ಯೂಬುಗಳಿಗೆ ಆರು ಚಿಪ್ಪು ಹಾಕುವ ಬದಲು ಒಂದೇ ಚಿಪ್ಪು ಹಾಕಿ, ಒಂದಾದ ಮೇಲೊಂದರಂತೆ ಕಣ್ಣಿಗೆ ಗೊತ್ತಾಗದಷ್ಟು ವೇಗದಲ್ಲಿ ಹೊತ್ತಿಸುವುದು. ಪದ್ಧತಿ ತಪ್ಪಲ್ಲ, ಹಳೆಯ ಕ್ಯಾಲ್ಕ್ಯುಲೇಟರುಗಳಲ್ಲೂ ಇತ್ತು, ಅದನ್ನು ತಾಳಿಕೊಳ್ಳುವ ಟ್ಯೂಬುಗಳೂ ಇದ್ದವು. ಆದರೆ ಲೆಕ್ಕ ನೋಡಿ. ಆರರಲ್ಲಿ ಒಂದು ಪಾಲು ಹೊತ್ತು ಮಾತ್ರ ಉರಿಯುವ ಟ್ಯೂಬಿನಿಂದ 2.5 ಮಿಲಿಆಂಪಿನ ಸರಾಸರಿ ಬೇಕೆಂದರೆ ಉರಿಯುವ ಆ ಗಳಿಗೆಯಲ್ಲಿ 15 ಮಿಲಿಆಂಪ್ ನುಗ್ಗಿಸಬೇಕು. ಸವೆತ ಕರೆಂಟಿನ ಜೊತೆ ಸರಳವಾಗಿ ಏರುವುದಿಲ್ಲ, ಅದಕ್ಕಿಂತ ಕಡಿದಾಗಿ ಏರುತ್ತದೆ. ಬೆಳಕು ಕಡಿಮೆಯಾದರೂ ಸರಿ ಎಂದು ಕರೆಂಟನ್ನು ಹದದಲ್ಲಿಟ್ಟುಕೊಳ್ಳುವ ವಿನ್ಯಾಸಕಾರರಿದ್ದಾರೆ, ಅವರಿಗೆ ನಮಸ್ಕಾರ. ಫೋಟೋದಲ್ಲಿ ಝಗಮಗಿಸಲಿ ಎಂದು ನುಗ್ಗಿಸುವವರೂ ಇದ್ದಾರೆ. ಒಂದು ಟ್ಯೂಬು ಆರಿ ಇನ್ನೊಂದು ಹೊತ್ತುವ ನಡುವೆ ಅನಿಲ ಶಾಂತವಾಗಲು ಬಿಡುವು ಕೊಡದಿದ್ದರೆ ಹಿಂದಿನ ಅಂಕಿಯ ನೆರಳು ಮುಂದಿನ ಟ್ಯೂಬಿನಲ್ಲಿ ಮಸುಕಾಗಿ ಕಾಣುತ್ತದೆ. ಕೊಂಡವರು ಅದನ್ನೂ ‘ಹಳೆಯದರ ಮೋಡಿ’ ಎಂದುಕೊಳ್ಳುತ್ತಾರೆ.

ಅಪಾಯದ ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. 12 ವೋಲ್ಟಿನ ಅಡಾಪ್ಟರಿನಿಂದ ನಡೆಯುವ ಕಿಟ್ ಎಂದರೆ ಒಳಗೂ 12 ವೋಲ್ಟೇ ಇರುತ್ತದೆ ಎಂದು ನಂಬುವವರಿದ್ದಾರೆ. ಒಳಗೆ ಅದು 180 ಆಗಿರುತ್ತದೆ, ಪ್ಲಗ್ ಕಿತ್ತ ಮೇಲೂ ಕೆಪಾಸಿಟರಿನಲ್ಲಿ ಸ್ವಲ್ಪ ಹೊತ್ತು ಕೂತಿರುತ್ತದೆ. ಎಸ್.ಪಿ. ರಸ್ತೆಯಲ್ಲಿ ಬಿಡಿಭಾಗ ಕೊಂಡು ಹಾಸ್ಟೆಲಿನಲ್ಲಿ ಬೆಸುಗೆ ಹಾಕುವ ಹುಡುಗ ಹುಡುಗಿಯರು ಐದು ವೋಲ್ಟಿನ ಆರ್ಡುಯಿನೋ ಮುಟ್ಟಿದ ಸಲುಗೆಯಲ್ಲೇ ಇದನ್ನೂ ಮುಟ್ಟುತ್ತಾರೆ. ಅವರ ಕೈಗೆ ಕೊಡುವ ಕಾಗದದಲ್ಲಿ ಈ ಎರಡು ಸಾಲು ಇರಲೇಬೇಕು.

ನನ್ನ ಸಿಟ್ಟಿನ ಬಹುಪಾಲು ಮಾತ್ರ ಬೇರೆ ಕಡೆಗಿದೆ. ಹೊಸ ಡಬ್ಬಿಯ ಟ್ಯೂಬುಗಳ ಬೆಲೆ ಏರಿದಂತೆ ಜನ ಹಳೆಯ ಯಂತ್ರಗಳತ್ತ ಕಣ್ಣು ಹಾಕಿದ್ದಾರೆ. ನಮ್ಮ ವಿಭಾಗದ ಉಗ್ರಾಣದಲ್ಲಿ ಒಂದು ಫ್ರೀಕ್ವೆನ್ಸಿ ಕೌಂಟರ್ ಇದೆ. ಎಂಟು ಟ್ಯೂಬು, ಎಂಟೂ ಹೊತ್ತಿಕೊಳ್ಳುತ್ತವೆ. ಎಂ.ಎಸ್ಸಿ.ಯ ಹುಡುಗನೊಬ್ಬ ಬಂದು, “ಅಣ್ಣಾ, ಹೇಗೂ ರೈಟ್-ಆಫ್ ಆಗುತ್ತಂತಲ್ಲ, ಟ್ಯೂಬ್ ಬಿಚ್ಕೊಳ್ಲಾ?” ಎಂದ. ಗಡಿಯಾರಕ್ಕೆ ಆರು, ಎರಡು ಸ್ಪೇರ್. ಮೊದಲು ಒಂದು ಸಿಗ್ನಲ್ ಕೊಟ್ಟು ನೋಡು ಎಂದೆ. ಜನರೇಟರ್ ಜೋಡಿಸಿದ. ಒಂದು ಸೆಕೆಂಡ್ ಬಾಗಿಲು ತೆರೆದು ಬಂದ ಮಿಡಿತಗಳನ್ನೆಲ್ಲ ಎಣಿಸಿ ತೋರಿಸುವುದು, ಮತ್ತೆ ತೆರೆಯುವುದು. ಕೊನೆಯ ಅಂಕಿ ಒಂದು ಹೆಚ್ಚು, ಒಂದು ಕಡಿಮೆ ಎಂದು ಅತ್ತಿತ್ತ ತುಯ್ಯುತ್ತಿತ್ತು. ಆ ತುಯ್ದಾಟ ದೋಷವಲ್ಲ; ಎಣಿಸುವ ಯಾವ ಯಂತ್ರವೂ ಒಂದರಷ್ಟು ಅನುಮಾನವನ್ನು ಇಟ್ಟುಕೊಂಡೇ ಎಣಿಸುತ್ತದೆ, ಇದು ಅದನ್ನು ಮುಚ್ಚಿಡದೆ ತೋರಿಸುತ್ತಿತ್ತು. ಹುಡುಗ ಸುಮಾರು ಹೊತ್ತು ನೋಡಿದ. ಬಿಚ್ಚುವುದೋ ಬಿಡುವುದೋ ಅವನಿನ್ನೂ ಹೇಳಿಲ್ಲ, ರೈಟ್-ಆಫ್ ಪಟ್ಟಿಯೂ ಮೇಜಿನಿಂದ ಮೇಜಿಗೆ ಹೋಗುತ್ತಲೇ ಇದೆ.

ಹಳೆಯ ಪುಸ್ತಕಗಳಿಂದ ಚಿತ್ರದ ಪುಟಗಳನ್ನು ಹರಿದು, ಚೌಕಟ್ಟು ಹಾಕಿ, ಬಿಡಿಬಿಡಿಯಾಗಿ ಮಾರುವ ದಂಧೆ ಸಾಹಿತ್ಯದವರಿಗೆ ಗೊತ್ತು. ತಾಳೆಗರಿಯ ಕಟ್ಟಿನಿಂದ ಒಂದು ಗರಿ ಎಳೆದು ಗೋಡೆಗೆ ನೇತುಹಾಕಿದರೆ ನಾವು ಸುಮ್ಮನಿರುವುದಿಲ್ಲ. ಕೆಲಸ ಮಾಡುವ ಕೌಂಟರಿನಿಂದ ಟ್ಯೂಬು ಕೀಳುವುದು ಇದಕ್ಕಿಂತ ಬೇರೆಯೇನಲ್ಲ. ಟ್ಯೂಬು ಆ ಯಂತ್ರದ ಕೊನೆಯ ಪುಟ ಮಾತ್ರ. ಅದರ ಹಿಂದೆ ಎಣಿಕೆಯ ಸರ್ಕ್ಯೂಟು, ಅದರ ಹಿಂದೆ ಸ್ಫಟಿಕದ ಆಸಿಲೇಟರು, ಯಾರೋ ಕೈಯಿಂದ ಎಳೆದ ತಂತಿಯ ಜಡೆ, ಎಲ್ಲ ಸೇರಿ ಒಂದು ವಾಕ್ಯ. ಕೊನೆಯ ಪದ ಕಿತ್ತುಕೊಂಡು ಉಳಿದದ್ದನ್ನು ಗುಜರಿಗೆ ಹಾಕುವವರು ತಮ್ಮನ್ನು ‘ವಿಂಟೇಜ್ ಪ್ರೇಮಿ’ ಎಂದು ಕರೆದುಕೊಳ್ಳುವುದೇ ನನಗೆ ಸಹಿಸಲಾಗದ್ದು.

ಇದಕ್ಕೆ ಬರುವ ಉತ್ತರ ನನಗೆ ಗೊತ್ತು. ನಾವು ಕೀಳದಿದ್ದರೆ ಗುಜರಿಯವನು ಪೂರ್ತಿ ಯಂತ್ರವನ್ನೇ ಸುತ್ತಿಗೆಯಿಂದ ಒಡೆಯುತ್ತಾನೆ, ಆಗ ಟ್ಯೂಬೂ ಇಲ್ಲ, ಕೌಂಟರೂ ಇಲ್ಲ. ನಿಜ. ಗುಜರಿಗೆ ಹೋಗಿಯೇಬಿಟ್ಟ, ಸತ್ತ ಯಂತ್ರದಿಂದ ಟ್ಯೂಬು ಉಳಿಸಿಕೊಂಡವರ ಮೇಲೆ ನನ್ನ ದೂರಿಲ್ಲ. ದೂರಿರುವುದು ಜೀವಂತ ಯಂತ್ರವನ್ನು ಸತ್ತದ್ದೆಂದು ಘೋಷಿಸುವ ಆತುರದ ಮೇಲೆ. ಇನ್ನೊಂದು ತುದಿಯಲ್ಲಿ ಡಬ್ಬಿಯ ಸೀಲು ಒಡೆಯದೆ ಟ್ಯೂಬುಗಳನ್ನು ಕಪಾಟಿನಲ್ಲಿ ಪೇರಿಸಿಟ್ಟವರಿದ್ದಾರೆ, ಬೆಲೆ ಏರಲಿ ಎಂದು. ಅವರನ್ನೂ ನಾನು ರಕ್ಷಕರೆಂದು ಒಪ್ಪುವುದಿಲ್ಲ. ಹೊತ್ತಿಕೊಳ್ಳದ ಟ್ಯೂಬು ಗಾಜಿನ ಡಬ್ಬಿ ಅಷ್ಟೇ.

ಬೆಳಕು ಮಾತ್ರ ಸಾಕು, ಈ ತಲೆನೋವೆಲ್ಲ ಬೇಡ ಎನ್ನುವವರಿಗೆ ನನ್ನದೊಂದು ಸಲಹೆ ಇದೆ, ವ್ಯಂಗ್ಯವಲ್ಲ. ಪುಟ್ಟ ಎಲ್‌ಸಿಡಿ ಪರದೆಗಳಲ್ಲಿ ನಿಕ್ಸಿ ಅಂಕಿಗಳ ಚಿತ್ರ ತೋರಿಸುವ ನಕಲಿ ಗಡಿಯಾರಗಳು ಬಂದಿವೆ. ಹವ್ಯಾಸಿಗಳು ಅವನ್ನು ಕಂಡರೆ ಮೂಗು ಮುರಿಯುತ್ತಾರೆ. ನಾನು ಮುರಿಯುವುದಿಲ್ಲ. ಐದು ವೋಲ್ಟಿನಲ್ಲಿ ನಡೆಯುತ್ತದೆ, ಯಾರಿಗೂ ಶಾಕ್ ಹೊಡೆಯುವುದಿಲ್ಲ, ಯಾವ ಕೌಂಟರಿನ ಹೊಟ್ಟೆಯನ್ನೂ ಬಗೆಯುವುದಿಲ್ಲ, ವರ್ಷಗಟ್ಟಲೆ ಉರಿದರೂ 40 ವರ್ಷ ಹಳೆಯ ಲೋಹ ಸವೆಯುವುದಿಲ್ಲ. ಕಪಾಟಿನ ಅಲಂಕಾರಕ್ಕೆ ಅದು ಧಾರಾಳವಾಗಿ ಸಾಕು. ಅಸಲಿಯೇ ಬೇಕು ಎನ್ನುವವರು ಅಸಲಿಯ ಸರ್ಕ್ಯೂಟನ್ನೂ ಓದಲಿ.

ಈಗಾಗಲೇ ಮನೆಯಲ್ಲಿ ಗಡಿಯಾರ ಇದ್ದವರು ಈ ವಾರವೇ ಒಂದು ಪರೀಕ್ಷೆ ಮಾಡಬಹುದು. ಸೆಟ್ಟಿಂಗಿಗೆ ಹೋಗಿ ಗಂಟೆಯ ಹತ್ತರ ಸ್ಥಾನದ ಟ್ಯೂಬಿನಲ್ಲಿ 3ರಿಂದ 9ರವರೆಗೆ ಒಂದೊಂದನ್ನೇ ಹೊತ್ತಿಸಿ ನೋಡಿ. ಹಾಗೆ ಹೊತ್ತಿಸುವ ಸೌಲಭ್ಯವೇ ಇಲ್ಲದಿದ್ದರೆ ಮಾರಿದವರನ್ನು ಕೇಳಿ: ಹತ್ತೂ ಅಂಕಿಗಳನ್ನು ದಿನಕ್ಕೆ ಕೆಲವು ನಿಮಿಷವಾದರೂ ಸರದಿಯಲ್ಲಿ ಉರಿಸುವ ನಾಲ್ಕು ಸಾಲಿನ ಪ್ರೋಗ್ರಾಮನ್ನು ಯಾಕೆ ಹಾಕಿಲ್ಲ, ಆನೋಡಿನ ರೆಸಿಸ್ಟರ್ ಎಷ್ಟು, ಟ್ಯೂಬಿನಲ್ಲಿ ಹರಿಯುವ ಕರೆಂಟೆಷ್ಟು. ಉತ್ತರ ಮಿಲಿಆಂಪಿನಲ್ಲಿ ಬರಬೇಕು, ‘ಚೆನ್ನಾಗಿ ಹೊಳೆಯುತ್ತದೆ ಸರ್’ ಎಂದಲ್ಲ. ಹೊತ್ತಿಸಿದ ಅಂಕಿಯಲ್ಲಿ ಕಪ್ಪು ತೇಪೆ ಕಂಡರೆ ಗಾಬರಿ ಬೇಡ. ಆ ಅಂಕಿಯೊಂದನ್ನೇ ಮಾಮೂಲಿಗಿಂತ ಸ್ವಲ್ಪ ಹೆಚ್ಚಿನ ಕರೆಂಟಿನಲ್ಲಿ, ಕಣ್ಣಿಟ್ಟುಕೊಂಡು, ಕೆಲವು ಗಂಟೆ ಉರಿಸಿದರೆ ಮೇಲೆ ಕೂತ ಲೋಹ ಎಷ್ಟೋ ಸಲ ಎದ್ದುಹೋಗುತ್ತದೆ. ಅದನ್ನು ಎಬ್ಬಿಸುವುದೂ ಅದೇ ಸ್ಪಟರಿಂಗ್.